ಚಾರ್ಮಾಡಿ ಇಳಿಸಿದ ಕೈ, ಒಟ್ಟಾವಾದ ಹಿಮ ಮತ್ತು ನಾಲ್ಕು ಟೈರು

ಹಾಸನದ ತಂಗಿಗೆ,

ಕೆನಡಾದ ಒಟ್ಟಾವಾದಲ್ಲಿ ನಿಮ್ಮ ಮಿನಿವ್ಯಾನಿಗೆ ಚಳಿಗಾಲಕ್ಕೆ ಅಂತ ಬೇರೆ ಟೈರು (ವಿಂಟರ್ ಟೈರ್) ಬೇಕೇ, ಬೇಕಾದರೆ ಯಾವುದು ಅನ್ನೋ ನಿಮ್ಮ ಪ್ರಶ್ನೆ, ಅದಕ್ಕೆ ಬಂದ ಉತ್ತರ ಎಲ್ಲವನ್ನೂ ಇಲ್ಲಿ ಚಿಕ್ಕಮಗಳೂರಲ್ಲಿ ಕೂತು ಓದಿದೆ. ಕೆನಡಾದಿಂದ ಊರಿಗೆ ವಾಪಸ್ ಬಂದರೂ ಈ ಗುಂಪು ಬಿಟ್ಟಿಲ್ಲ ನಾನು. ಒಬ್ಬರು ಬ್ರ್ಯಾಂಡ್ ಹೆಸರು ಕೊಟ್ಟಿದ್ದಾರೆ, ಒಬ್ಬರು ಆಲ್ ವೀಲ್ ಡ್ರೈವ್ (ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ) ಗಾಡಿ ತಗೊಂಡಿದ್ರೆ ಈ ಚಿಂತೆಯೇ ಇರ್ತಿರಲಿಲ್ಲ ಅಂದಿದ್ದಾರೆ, ಇನ್ನೊಬ್ಬರು ದುಡ್ಡು ಉಳಿಸೋಕೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ವಿಂಟರ್ ಟೈರ್ ಹಾಕಿಸಿ ಅಂದಿದ್ದಾರೆ. ಕೊನೆಯದನ್ನು ಮಾತ್ರ ದಯವಿಟ್ಟು ಕಿವಿಗೆ ಹಾಕ್ಕೋಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ನಿಮ್ಮ ಮಾವನವರ ಮಾತು. ‘ಶಿರಾಡಿ, ಚಾರ್ಮಾಡಿ ಎರಡೂ ಮಳೆಗಾಲದಲ್ಲಿ ಇಳಿಸಿದೋರು ನಾವು. ಟೈರಲ್ಲಿ ಗ್ರಿಪ್ ಇದ್ರೆ ಸಾಕು, ವರ್ಷಕ್ಕೆ ಎರಡು ಜೊತೆ ಯಾಕೆ?’ ಅಂದ್ರಂತೆ. ಅವರನ್ನು ಬೈಯೋಕಾಗಲ್ಲ. ಮಲೆನಾಡಿನವರಿಗೆ ಗೊತ್ತಿರೋದು ಕೆಸರು. ಮೂಡಿಗೆರೆ ಕಡೆ ತೋಟದ ದಾರಿಯಲ್ಲಿ ಜುಲೈ ತಿಂಗಳಲ್ಲಿ ಜೀಪು ಹತ್ತಬೇಕಂದ್ರೆ ಹಿಂದಿನ ಚಕ್ರಕ್ಕೆ ಚೈನ್ ಸುತ್ತುತ್ತಾರೆ, ಇಲ್ಲಾಂದ್ರೆ ದಪ್ಪ ಬಟನ್ ಟೈರ್ ಹಾಕುತ್ತಾರೆ. ಅದು ಕೆಸರನ್ನು ಬಗೆದುಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಒಟ್ಟಾವಾದ ರಸ್ತೆಯಲ್ಲಿ ಬಗೆದರೆ ಕೆಳಗೆ ಸಿಗೋದು ಗಟ್ಟಿ ನೆಲ ಅಲ್ಲ, ಐಸು. ಅಲ್ಲಿ ದಪ್ಪ ಬಟನ್ನಿಗಿಂತ ರಬ್ಬರಿನ ಗುಣ ಮುಖ್ಯ.

ಗಾಡಿಯ ಜೊತೆಗೇ ಬರೋ ಸಾಮಾನ್ಯ ಟೈರು, ಅಂದ್ರೆ ಆಲ್ ಸೀಸನ್ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದಂತೆಲ್ಲ ಬಿರುಸಾಗ್ತಾ ಹೋಗುತ್ತೆ. ಹಿಮ ಬೀಳದ ಒಣ ರಸ್ತೆಯಲ್ಲೂ ಅದರ ಹಿಡಿತ ಕಡಿಮೆಯಾಗುತ್ತೆ. ವಿಂಟರ್ ಟೈರಿನ ರಬ್ಬರು ಮೈನಸ್ ಇಪ್ಪತ್ತರಲ್ಲೂ ಮೆತ್ತಗಿರೋ ಹಾಗೆ ಮಾಡಿರ್ತಾರೆ. ಅಂಗಡಿಗೆ ಹೋದಾಗ ಎರಡನ್ನೂ ಪಕ್ಕಪಕ್ಕ ಇಡಿಸಿ ಹೆಬ್ಬೆರಳಿಂದ ಒತ್ತಿ ನೋಡಿ. ಆಮೇಲೆ ವಿಂಟರ್ ಟೈರಿನ ಮೇಲ್ಮೈಯ ಒಂದು ಉಬ್ಬಿದ ರಬ್ಬರ್ ತುಂಡನ್ನು (ಬ್ಲಾಕ್) ಸ್ವಲ್ಪ ಬಗ್ಗಿಸಿ. ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳುಗಳು ಬಾಯಿ ಬಿಡುತ್ತವೆ, ಉಗುರು ತೂರಿಸಬಹುದು. ಐಸಿನ ಮೇಲೆ ನಿಲ್ಲುವ ತೆಳು ನೀರಿನ ಪೊರೆಯನ್ನು ಸರಿಸೋದು, ಅಂಚಿನಿಂದ ಕಚ್ಚಿ ಹಿಡಿಯೋದು ಈ ಸೀಳುಗಳ ಕೆಲಸ. ಬ್ಲಾಕುಗಳ ನಡುವಿನ ದೊಡ್ಡ ಸಂದುಗಳಲ್ಲಿ ಹಿಮ ತುಂಬಿಕೊಳ್ಳುತ್ತೆ. ಅದೂ ಒಳ್ಳೇದೇ, ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತೆ.

ಕೊಳ್ಳುವಾಗ ಟೈರಿನ ಪಕ್ಕದ ಗೋಡೆ ಓದಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು, ಈ ಗುರುತು ಇರಲೇಬೇಕು. ಬರೀ ‘ಎಂ ಪ್ಲಸ್ ಎಸ್’ (M+S, ಕೆಸರು ಮತ್ತು ಹಿಮ) ಅಂತ ಇದ್ರೆ ಅದು ಗ್ರಿಪ್ಪಿನ ವಿನ್ಯಾಸದ ಮಾತು ಅಷ್ಟೆ, ಹಿಮದಲ್ಲಿ ಓಡಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ ಅಲ್ಲ. ಬೆಟ್ಟದ ಗುರುತನ್ನೂ ಪೂರಾ ನಂಬಿ ಕೂರಬೇಡಿ. ಅದರ ಪರೀಕ್ಷೆ ನಡೆಯೋದು ಒತ್ತಿದ ಹಿಮದ ಮೇಲೆ, ಮುಂದಕ್ಕೆ ಎಳೆಯುವ ಶಕ್ತಿಗೆ; ಐಸಿನ ಮೇಲೆ ಬ್ರೇಕ್ ಹಾಕೋದಕ್ಕಲ್ಲ. ಅದಕ್ಕೇ ಆಲ್ ವೆದರ್ ಅನ್ನೋ ಟೈರುಗಳಿಗೂ (ಇದು ಆಲ್ ಸೀಸನ್‌ಗಿಂತ ಬೇರೆ) ಈ ಗುರುತು ಸಿಗುತ್ತೆ. ಟೊರಾಂಟೊ, ವ್ಯಾಂಕೂವರ್ ಊರೊಳಗೆ ಇರೋರು ವರ್ಷಪೂರ್ತಿ ಅದರಲ್ಲೇ ಕಳೆಯಬಹುದು. ಒಟ್ಟಾವಾಗೆ ನಾನಂತೂ ಹೇಳಲ್ಲ. ಅಲ್ಲಿ ಹಿಮಕ್ಕಿಂತ ಕೆಟ್ಟದ್ದು ಫ್ರೀಜಿಂಗ್ ರೇನ್, ಬಿದ್ದ ಮಳೆ ಬಿದ್ದಲ್ಲೇ ಗಾಜಾಗೋದು.

ಈಗ ಆಲ್ ವೀಲ್ ಡ್ರೈವ್ ಅಂದವರಿಗೆ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋದರೆ ಹೊರಡೋದು ಸಲೀಸು, ಏರು ಹತ್ತೋದು ಸಲೀಸು. ನಿಲ್ಲಿಸೋಕೆ ಅದರಿಂದ ಏನೇನೂ ಉಪಯೋಗ ಇಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರೋದು, ನಿಲ್ಲಿಸೋದು ಟೈರು. ಎರಡು ಟನ್ ತೂಗೋ ವ್ಯಾನಿನಲ್ಲಿ ಎರಡು ಮಕ್ಕಳು, ಸ್ಟ್ರಾಲರು, ಅಕ್ಕಿ ಮೂಟೆ ಹೇರಿಕೊಂಡು ಶಾಲೆ ಮುಂದಿನ ಸಿಗ್ನಲ್ಲಿಗೆ ಬರ್ತಿರ್ತೀರಿ. ಆಗ ಹೊರಡೋದರ ಯೋಚನೆ ಯಾರಿಗೂ ಇರಲ್ಲ. ಮುಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ನಿಮ್ಮ ಸಿಯೆನ್ನಾ ವ್ಯಾನಿಗೆ ನಾಲ್ಕು ಒಳ್ಳೆ ವಿಂಟರ್ ಟೈರ್ ಹಾಕಿಸಿದ್ರೆ, ಆಲ್ ಸೀಸನ್ ಹಾಕಿದ ಆಲ್ ವೀಲ್ ಡ್ರೈವ್‌ಗಿಂತ ಐಸಲ್ಲಿ ಬೇಗ ನಿಲ್ಲುತ್ತೆ.

ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಏನಾಗುತ್ತೆ ಅಂದ್ರೆ, ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂಭಾಗ ಹಿಡ್ಕೊಳ್ಳುತ್ತೆ, ಹಿಂಭಾಗ ಜಾರಿ ಮುಂದಕ್ಕೆ ಬರುತ್ತೆ, ಗಾಡಿ ಗಿರಕಿ ಹೊಡೆಯುತ್ತೆ. ಮಕ್ಕಳು ಕೂರೋದು ಹಿಂದೆ. ಇದರಲ್ಲಿ ಚೌಕಾಸಿ ಬೇಡ, ನಾಲ್ಕೂ ಒಂದೇ ಜೊತೆ.

ಅಳತೆ ಟೈರ್ ಅಂಗಡಿಯವರ ಬಾಯಿಂದ ಕೇಳಬೇಡಿ, ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ. ಅಳತೆಯ ಪಕ್ಕದಲ್ಲಿ ಬರೋ ಸಂಖ್ಯೆ ಭಾರದ್ದು. 102 ಅಂದ್ರೆ ಒಂದು ಟೈರು 850 ಕೆಜಿ ಹೊರುತ್ತೆ, 106 ಅಂದ್ರೆ 950 ಕೆಜಿ. ಅಗ್ಗಕ್ಕೆ ಸಿಗುತ್ತೆ ಅಂತ ಸ್ಟಿಕ್ಕರಿನ ಸಂಖ್ಯೆಗಿಂತ ಕಡಿಮೆಯದ್ದು ತಗೋಬೇಡಿ. ಮಿನಿವ್ಯಾನಿಗೆ ಇದು ಸಣ್ಣ ಕಾರಿಗಿಂತ ಜಾಸ್ತಿ ಮುಖ್ಯ, ಅಜ್ಜಿ ತಾತ ಬಂದಾಗ ಏಳೂ ಸೀಟು ತುಂಬುತ್ತೆ. ಪಕ್ಕದ ಗೋಡೆಯಲ್ಲೇ ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿರುತ್ತೆ: 3524 ಅಂದ್ರೆ 2024ರ 35ನೇ ವಾರ. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳೋರು ಇದನ್ನೂ ಗ್ರಿಪ್ಪಿನ ಆಳವನ್ನೂ ನೋಡಲೇಬೇಕು. ಹಿಮಕ್ಕೆ 4 ಮಿಲಿಮೀಟರಿಗೆ ಬಂತು ಅಂದ್ರೆ ಆ ಟೈರಿನ ಕಥೆ ಮುಗೀತು.

ಬ್ರ್ಯಾಂಡಿನ ಜಗಳಕ್ಕೆ ನಾನು ಬರಲ್ಲ. ಮಿಶೆಲಿನ್ ಎಕ್ಸ್ ಐಸ್, ಬ್ರಿಜ್‌ಸ್ಟೋನ್ ಬ್ಲಿಝಾಕ್, ನೋಕಿಯನ್ ಹಕ್ಕಾಪೆಲೀಟಾ, ಕಾಂಟಿನೆಂಟಲ್ ವೈಕಿಂಗ್ ಕಾಂಟ್ಯಾಕ್ಟ್ ಇವುಗಳಲ್ಲಿ ಯಾವುದು ನಿಮ್ಮ ಅಳತೆಗೆ ರಿಯಾಯಿತಿಯಲ್ಲಿ ಸಿಕ್ಕಿದರೂ ಸರಿ. (ನೋಕಿಯನ್ ಫಿನ್‌ಲ್ಯಾಂಡಿನವರದ್ದು, 1934ರಿಂದ ಚಳಿಗಾಲದ ಟೈರ್ ಮಾಡ್ತಿದ್ದಾರೆ. ನಮ್ಮೆಜಮಾನರು ಅದರ ಭಕ್ತರು, ಅವರ ಮುಂದೆ ಬೇರೆ ಹೆಸರು ಎತ್ತೋ ಹಾಗಿಲ್ಲ.) ಮೊಳೆ ಟೈರ್ ಬೇಡ, ಒಟ್ಟಾವಾ ಇರೋ ಒಂಟಾರಿಯೋ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ ಅದಕ್ಕೆ ಅನುಮತಿಯೇ ಇಲ್ಲ.

ದುಡ್ಡಿನ ವಿಷಯ. ರಿಮ್ ಸಮೇತ ಸಾವಿರ ಡಾಲರ್ ದಾಟುತ್ತೆ, ನಿಜ. ಆದ್ರೆ ಬೇರೆ ಸ್ಟೀಲ್ ರಿಮ್ಮಿಗೇ ಹಾಕಿಸಿಟ್ಟರೆ ಪ್ರತಿ ಸಲ ಟೈರು ಬಿಚ್ಚಿ ಕೂರಿಸೋ ಖರ್ಚು ಇಲ್ಲ. ಚಳಿಗಾಲದ ಜೊತೆ ಓಡುವಾಗ ಬೇಸಿಗೆಯ ಜೊತೆ ಸವೆಯಲ್ಲ, ಆ ಲೆಕ್ಕವನ್ನೂ ಮಾವನವರಿಗೆ ಹೇಳಿ. ಒಂಟಾರಿಯೋದಲ್ಲಿ ವಿಂಟರ್ ಟೈರ್ ಕಡ್ಡಾಯ ಅಲ್ಲ, ಆದರೆ 2016ರ ಜನವರಿಯಿಂದ ಇನ್ಶೂರೆನ್ಸ್ ಕಂಪನಿಗಳು ಅದಕ್ಕೆ ರಿಯಾಯಿತಿ ಕೊಡಲೇಬೇಕು. ಅವರಾಗಿ ನೆನಪಿಸಲ್ಲ, ನೀವೇ ಫೋನ್ ಮಾಡಿ ಕೇಳಿ. ನದಿ ಆಚೆ ಗ್ಯಾಟಿನೋದಲ್ಲಿ ಮನೆ ಮಾಡಿದ್ರೆ ಕಥೆಯೇ ಬೇರೆ. ಅದು ಕ್ವಿಬೆಕ್ ಪ್ರಾಂತ್ಯ; ಅಲ್ಲಿ ನೋಂದಣಿಯಾದ ಕಾರಿಗೆ ವಿಂಟರ್ ಟೈರ್ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ನಾವು ಅದೇ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲಿದ್ದದ್ದರಿಂದ ಬೇಕೋ ಬೇಡವೋ ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ನಡೆಯಲೇ ಇಲ್ಲ.

ಮೊದಲ ಹಿಮ ಬೀಳೋವರೆಗೆ ಕಾಯಬೇಡಿ, ಅವತ್ತು ಊರಿಗೂರೇ ಟೈರ್ ಅಂಗಡಿ ಮುಂದೆ ಇರುತ್ತೆ. ಅಕ್ಟೋಬರ್ ಕೊನೆಗೆ ಹಾಕಿಸಿಬಿಡಿ, ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೆ ಬಿಗಿ ಮಾಡಿಸಿ. ಚಳಿ ಏರಿದಂತೆ ಗಾಳಿ ಇಳಿಯುತ್ತೆ, ಐದಾರು ಡಿಗ್ರಿಗೆ ಹೆಚ್ಚುಕಡಿಮೆ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಬೆಳಿಗ್ಗೆ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಹತ್ತಿದ್ರೆ ಪಂಕ್ಚರ್ ಅಂತ ಗಾಬರಿಯಾಗೋದಕ್ಕೆ ಮುಂಚೆ ಗಾಳಿ ನೋಡಿ.

ಘಾಟಿಯ ಅಭ್ಯಾಸದಲ್ಲಿ ಉಳಿಸಿಕೊಳ್ಳಬೇಕಾದ್ದೂ ಇದೆ. ಇಳಿಜಾರಿಗೆ ಮುಂಚೆಯೇ ಗೇರ್ ಇಳಿಸೋದು, ತಿರುವು ಬರೋದ್ರೊಳಗೆ ವೇಗ ಕಡಿಮೆ ಮಾಡೋದು, ಚಾರ್ಮಾಡಿ ಮಂಜಿನಲ್ಲಿ ಮುಂದಿನ ಗಾಡಿಗೆ ದೂರ ಬಿಡೋದು ಅಲ್ಲೂ ಅಷ್ಟೇ ಬೇಕು. ಬಿಡಬೇಕಾದ್ದು ಬ್ರೇಕನ್ನು ಒತ್ತಿ ಒತ್ತಿ ಬಿಡೋದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ) ಇರೋ ಗಾಡಿಯಲ್ಲಿ ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕು, ಪೆಡಲ್ ಕಾಲಡಿ ಕಟಕಟ ಅಂದ್ರೆ ಅದು ತನ್ನ ಕೆಲಸ ಮಾಡ್ತಿದೆ ಅಂತ.

ಮಕ್ಕಳ ವಿಷಯ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಉಬ್ಬಿದ ಸ್ನೋ ಸೂಟಿನ ಮೇಲೆ ಕಾರ್ ಸೀಟಿನ ಬೆಲ್ಟ್ ಹಾಕಬೇಡಿ. ಬಿಗಿಯಾಗಿದೆ ಅನ್ನಿಸುತ್ತೆ, ಡಿಕ್ಕಿಯಾದಾಗ ಒಳಗಿನ ಗಾಳಿ ಅಮುಕಿ ಬೆಲ್ಟ್ ಸಡಿಲ ಆಗುತ್ತೆ. ಕೋಟು ತೆಗೆದು ಬೆಲ್ಟ್ ಹಾಕಿ, ಭುಜದ ಹತ್ತಿರ ಬೆಲ್ಟನ್ನು ಚಿವುಟಿದರೆ ಮಡಿಕೆ ಸಿಗಬಾರದು, ಆಮೇಲೆ ಅದೇ ಕೋಟನ್ನು ತಿರುವುಮುರುವಾಗಿ ಮೇಲೆ ಹೊದಿಸಿ. ದೊಡ್ಡವನು ಗಲಾಟೆ ಮಾಡ್ತಾನೆ, ಮಾಡಲಿ.

ಇನ್ನು ಜಾರುಬಾಗಿಲು ಹಿಮಗಟ್ಟಿ ಅಂಟ್ಕೊಂಡ್ರೆ ಬಿಸಿನೀರು ಸುರಿಯೋಕೆ ಹೋಗ್ಬೇಡಿ, ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತೆ, ಗಾಜೂ ಸೀಳಬಹುದು. ನವೆಂಬರಲ್ಲೇ ರಬ್ಬರ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ ಹೊಡೆದಿಡಿ. ಬಾಗಿಲ ಕಂಬದ ಸ್ಟಿಕ್ಕರಿನ ಫೋಟೊ ಇಲ್ಲೇ ಹಾಕಿ, ಅಂಗಡಿಯವರು ಕೊಟ್ಟ ದರಪಟ್ಟಿಯನ್ನೂ ಹಾಕಿ. ಸಂಜೆ ನಮ್ಮೆಜಮಾನರನ್ನೂ ಕೂರಿಸ್ಕೊಂಡು ನೋಡಿ ಹೇಳ್ತೀನಿ.