ನೀಟ್ ಇನ್ನೊಮ್ಮೆ ಬರೀಬೇಕು, ಜೋಡಿ ಯಾವ ಡಿಗ್ರಿ ತಗೊಂಡ್ರ ಛಲೋರಿ?

ಮುಧೋಳ_ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮದು ಮುಧೋಳ ತಾಲೂಕಿನ ಹಳ್ಳಿ, ಪಿಯುಸಿ ಬಾಗಲಕೋಟಿಯೊಳಗ ಮುಗಿಸೀನಿ, ಪಿಸಿಎಂಬಿ. ನೀಟ್‌ನ್ಯಾಗ ಕ್ವಾಲಿಫೈ ಆಗೀನಿ ಖರೆ, ಆದ್ರ ಸರ್ಕಾರಿ ಎಂಬಿಬಿಎಸ್ ಸೀಟ್ ಬರೋವಷ್ಟು ರ‍್ಯಾಂಕ್ ಇಲ್ಲ, ಪ್ರೈವೇಟ್ ಫೀ ನಮ್ಮ ಮನಿಯಾಗ ಆಗೂದಿಲ್ಲ. ಬಯಾಲಜಿ ಛಲೋ ಮಾಡೀನಿ, ಫಿಸಿಕ್ಸ್‌ನ್ಯಾಗ ಪೂರಾ ಹೊಡತ ಬಿತ್ತು. ಅಪ್ಪ ಇನ್ನೊಂದ್ ವರ್ಷ ಲಾಂಗ್ ಟರ್ಮ್ ನೀಟ್ ಕೋಚಿಂಗ್ ಹಚ್ತೀನಿ ಅಂತಾರ, ಕಾಕಾ ಮಾತ್ರ ಸುಮ್ನ ಒಂದ್ ವರ್ಷ ಹಾಳಾಗೂದು ಬ್ಯಾಡ, ಡಿಗ್ರಿ ಹಚ್ಚು, ಜೋಡಿ ನೀಟ್ ಓದ್ಲಿ ಅಂತಾರ. ಬಿಎಸ್ಸಿ ಸಿಬಿಝಡ್ ತಗೊಂಡ್ರ ಬಯಾಲಜಿ, ಕೆಮಿಸ್ಟ್ರಿ ಎರಡೂ ರಿವಿಜನ್ ಆಗ್ತಾವ ಅಂತ ನನ್ನ ವಿಚಾರ. ಯೂಟ್ಯೂಬ್‌ನ್ಯಾಗೂ ಬಯಾಲಜಿ ಮೇಜರ್ ತಗೊಂಡ್ರ ಮೆಡಿಕಲ್‌ಗೆ ಅನುಕೂಲ ಅಂತ ಹೇಳ್ತಾರಲ್ರೀ. ಬಿಎಸ್ಸಿ ತೋಟಗಾರಿಕೆಗೂ ರೈತರ ಮಕ್ಕಳ ಕೋಟಾದಾಗ ಪ್ರಾಕ್ಟಿಕಲ್ ಪರೀಕ್ಷೆ ಕೊಟ್ಟೀನಿ. ಗೊತ್ತಿದ್ದವ್ರು ಹೇಳ್ರಿ, ಮನಿಯಾಗ ದಿನಾ ಇದ ಮಾತು ನಡದೈತಿ.

ಜಮಖಂಡಿ_ಬಾಟನಿ_ಸರ್:
ನೋಡವಾ, ನಾ ಡಿಗ್ರಿ ಕಾಲೇಜಿನ್ಯಾಗ ಬಾಟನಿ ಕಲಸಾಂವ, ಆದ್ರೂ ನೀಟ್ ಸಲುವಾಗಿ ಸಿಬಿಝಡ್‌ಗೆ ಬಾ ಅಂತ ನಿನಗ ಹೇಳೂದಿಲ್ಲ. ಮೊದಲನೇ ಮಾತು, ಸಿಬಿಝಡ್ ಅಂದ್ರ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ, ಅದರಾಗ ಫಿಸಿಕ್ಸ್ ಇಲ್ಲವ ಇಲ್ಲ, ನಿನಗ ಹೊಡತ ಬಿದ್ದಿದ್ದು ಅಲ್ಲೇ. ನೀಟ್‌ನ್ಯಾಗ ಫಿಸಿಕ್ಸ್ 45 ಪ್ರಶ್ನೆ, 720ರಾಗ 180 ಮಾರ್ಕ್ಸು, ಅದನ್ನ ಬಿಟ್ಟು ಸರ್ಕಾರಿ ಸೀಟ್ ಸಿಗೂದು ಭಾಳ ಕಷ್ಟ. ಎರಡನೇದು, ಡಿಗ್ರಿ ಬಯಾಲಜಿ ಬ್ಯಾರೆ, ನೀಟ್ ಬಯಾಲಜಿ ಬ್ಯಾರೆ. ನೀಟ್‌ಗೆ 11, 12ನೇತ್ತಾ ಎನ್‌ಸಿಇಆರ್‌ಟಿ ಪುಸ್ತಕ ಸಾಲು ಸಾಲು ಬಾಯಾಗ ಇರಬೇಕು. ನಮ್ಮಲ್ಲೆ ನೀಟ್‌ನ್ಯಾಗ ಒಂದ್ ಪ್ಯಾರಾ ಬರೋ ಪಾಚಿ, ಶಿಲೀಂಧ್ರ ವಾರಗಟ್ಟಲೆ ನಡೀತಾವ, ಮಧ್ಯಾಹ್ನ ಪ್ರಾಕ್ಟಿಕಲ್ಲು, ಸ್ಲೈಡ್ ನೋಡಿ ಜರ್ನಲ್‌ನ್ಯಾಗ ಪೆನ್ಸಿಲ್ಲಿಲೆ ವಾಲ್ವಾಕ್ಸ್ ಪಾಚಿ ಚಿತ್ರ ತಗದು ಲೇಬಲ್ ಬರದು ಸಹಿ ಮಾಡಿಸಬೇಕು, ಇಲ್ಲಂದ್ರ ಇಂಟರ್ನಲ್ ಮಾರ್ಕ್ಸ್ ಇಲ್ಲ, ಅದರ ಮ್ಯಾಲೆ 75 ಪರ್ಸೆಂಟ್ ಹಾಜರಿ. ಇಷ್ಟ ಮಾಡಿ ಮನಿಗಿ ಬಂದ ಹುಡುಗಿ ರಾತ್ರಿ ಫಿಸಿಕ್ಸ್‌ನ ರೊಟೇಷನಲ್ ಮೋಷನ್ ಲೆಕ್ಕ ಯಾವಾಗ ಮಾಡ್ಬೇಕು? ಕಲೀಲಿಕ್ಕೆ ಸಿಬಿಝಡ್ ಭಾಳ ಛಲೋ ಡಿಗ್ರಿ, ಎಂಎಸ್ಸಿ, ಬಿಎಡ್ ಮಾಡೋ ಮನಸ್ಸಿದ್ರ ಖುಷಿಲೆ ಬಾ. ನೀಟ್‌ಗೆ ಮೆಟ್ಟಲ ಮಾಡ್ಕೋತೀನಿ ಅಂತ ಬರಬ್ಯಾಡ.

ಬೆಳಗಾವಿ_ಎಂಬಿಬಿಎಸ್:
ಸರ್ ಹೇಳಿದ್ದು ಬರೋಬರಿ. ತಂಗಿ, ಆ ಯೂಟ್ಯೂಬ್ ಮಾತು ಅಮೆರಿಕಾದ್ದು. ಅಲ್ಲೆ ಮೊದಲು ನಾಕ್ ವರ್ಷದ ಡಿಗ್ರಿ, ಆಮ್ಯಾಲೆ ಎಂಕ್ಯಾಟ್ ಪರೀಕ್ಷೆ, ಆಮ್ಯಾಲೆ ಮತ್ತ ನಾಕ್ ವರ್ಷ ಮೆಡಿಕಲ್. ಅಲ್ಲೂ ಬಯಾಲಜಿನ ಮೇಜರ್ ಇರಬೇಕಂತ ಏನಿಲ್ಲ, ಕಾಲೇಜು ಕೇಳೋ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಕೋರ್ಸ್ ಮುಗಿಸಿದ್ರ ಇತಿಹಾಸ ಓದಿದವ್ರೂ ಹೋಗ್ತಾರ, ಆದ್ರ ಡಿಗ್ರಿ ಮಾರ್ಕ್ಸ್ ನೋಡ್ತಾರ. ನಮ್ಮಲ್ಲೆ ಡಿಗ್ರಿ ಮಾರ್ಕ್ಸ್ ಯಾರೂ ಕೇಳೂದಿಲ್ಲ, ನೀಟ್ ರ‍್ಯಾಂಕ್ ಒಂದ. ನನ್ನ ಮಾತು ಕೇಳಿದ್ರ ಒಂದ್ ವರ್ಷ ಪೂರಾ ನೀಟ್‌ಗೆ ಕೊಡು, ಅದೂ ಫಿಸಿಕ್ಸ್‌ಗೆ ಜಾಸ್ತಿ. ಈಗ ಪೇಪರ್ 180 ಪ್ರಶ್ನೆ, 180 ನಿಮಿಷ. ಬಯಾಲಜಿ 90 ಪ್ರಶ್ನೆ 45-50 ನಿಮಿಷದಾಗ ಮುಗಿಸೋ ರೂಢಿ ಮಾಡ್ಕೊಂಡಿ ಅಂದ್ರ ಫಿಸಿಕ್ಸ್‌ಗೆ ಉಸಿರಾಡಾಕ ಟೈಮ್ ಸಿಗ್ತೈತಿ. ತಪ್ಪಿದ್ರ ಒಂದ್ ಮಾರ್ಕ್ ಹೋಗ್ತೈತಿ, ಗೊತ್ತಿಲ್ಲದ್ದು ಅಂದಾಜಿಲೆ ತುಂಬಬ್ಯಾಡ.

ವಿಜಯಪುರ_ಅಕ್ಕ:
ನನ್ನ ಅಭಿಪ್ರಾಯ ಸ್ವಲ್ಪ ಬ್ಯಾರೆ ಅದ. ಪೂರಾ ಒಂದ್ ವರ್ಷ ಕೂತು ಆಮ್ಯಾಲೂ ಸೀಟ್ ಬರ್ಲಿಲ್ಲಂದ್ರ ಹುಡುಗ್ಯಾರ ಮನಸ್ಸಿನ ಗತಿ ಏನಾಗ್ತದ, ನಾ ಹಾಸ್ಟೆಲ್‌ನ್ಯಾಗ ಕಣ್ಣಾರೆ ನೋಡೀನಿ, ಊಟ ಬಿಟ್ಟು ಗ್ವಾಡಿಗಿ ಮುಖ ಮಾಡಿ ಮಲಗ್ತಿದ್ರು. ಅದಕ್ಕ ಈಗ ಸೀಟ್ ಸಿಕ್ರ ಬಾಗಲಕೋಟಿ ತೋಟಗಾರಿಕೆ ಬಿಡಬ್ಯಾಡ ಅಂತೀನಿ. ನಾಕ್ ವರ್ಷದ ಕೋರ್ಸು, ನಿಮ್ಮ ಹೊಲಮನಿಗಿ ಹತ್ತಿದ್ದ ಓದು, ಸರ್ಕಾರಿ ನೌಕರಿಗೂ ದಾರಿ ಅದ. ಆದ್ರ ಒಂದು, ಅಲ್ಲೆ ಹೋದ್ರ ಅದನ್ನ ಓದಬೇಕು, ಮುಂಜಾನೆ ಫೀಲ್ಡು, ಆಮ್ಯಾಲೆ ಕ್ಲಾಸು, ಜೋಡಿ ನೀಟ್ ನಡ್ಯಂಗಿಲ್ಲ. ನೀಟ್ ಮೂಲಕನ ಬಿಎಎಂಎಸ್, ಅಂದ್ರ ಆಯುರ್ವೇದ ಡಾಕ್ಟರ್ ಡಿಗ್ರಿ, ಬರ್ತದಲ್ಲ, ಅದನ್ನೂ ಮನಸ್ಸಿನ್ಯಾಗ ಇಟ್ಕೋ. ಡಾಕ್ಟರ್ ಆಗೋದ ಆಸೆ ಅಂದ್ರ ನರ್ಸಿಂಗ್‌ನ್ಯಾಗ ಅರ್ಧ ಮನಸ್ಸಿಲೆ ಕೂಡಬ್ಯಾಡ, ಅದು ರೋಗಿ ಮುಂದ ನಿಂತು ಮಾಡೋ ಕೆಲಸ.

ಮುಧೋಳ_ಹುಡುಗಿ:
ಎಲ್ಲಾರೂ ಇಷ್ಟ್ ಬಿಡಿಸಿ ಹೇಳಿದ್ದಕ್ಕ ಭಾಳ ಥ್ಯಾಂಕ್ಸ್ ರೀ. ಸಿಬಿಝಡ್ ವಿಚಾರ ಬಿಟ್ಟೆ. ಮತ್ತೊಂದು ಕೇಳ್ತೀನಿ, ನಮಗೂ ಸಂವಿಧಾನದ 371 ಜೆ ಮೀಸಲಾತಿ ಬರ್ತೈತಿ ಅಂತ ಯಾರೋ ಅಂದ್ರು, ಖರೇನ್ರೀ? ನಾ 1ರಿಂದ 10ನೇತ್ತಾ ನಮ್ಮೂರ ಕನ್ನಡ ಸಾಲಿಯೊಳಗ ಓದೀನಿ.

ಜಮಖಂಡಿ_ಬಾಟನಿ_ಸರ್:
ಇಲ್ಲವಾ, 371 ಜೆ ಕಲ್ಯಾಣ ಕರ್ನಾಟಕದ ಜಿಲ್ಲಾಗೋಳಿಗಷ್ಟ, ಬಾಗಲಕೋಟಿ, ವಿಜಯಪುರ, ಬೆಳಗಾವಿ ಅದರಾಗ ಬರೂದಿಲ್ಲ. ಆದ್ರ ನಿನಗ ಎರಡು ಕೋಟಾ ಕೂಡಿ ಬಂದಾವ, ಗ್ರಾಮೀಣ ಮತ್ತ ಕನ್ನಡ ಮಾಧ್ಯಮ. ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಈ ಸಲ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿಯೊಳಗ ಎರಡೂ ಹಾಕೀಯೇನು ತಗದು ನೋಡು. ಹಾಕಿದ್ರ ಎಂಬಿಬಿಎಸ್ ಕೌನ್ಸೆಲಿಂಗ್ ಕಡೀ ರೌಂಡ್ ಮುಗಿಯೂತನಾ ಯಾವ ಕಾಲೇಜಿಗೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಬರಬ್ಯಾಡ, ಅಪ್ಪಾರಿಗೂ ಇದನ್ನ ಓದಿ ಹೇಳು.