ಇಟಲಿಯವರನ್ನು ಅರ್ಥಮಾಡಿಕೊಳ್ಳಲು ಎಲ್ಲಿಂದ ಶುರು ಮಾಡಬೇಕು?

ಹೊಸಹಾದಿ:
ಸೆಪ್ಟೆಂಬರ್‌ನಿಂದ ಎರಡು ವರ್ಷ ಬೊಲೊನ್ಯಾದಲ್ಲಿ ಓದು. ಕೊಲೊಸಿಯಂ, ಪೀಸಾ ಗೋಪುರದ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಬೇಕಿರುವುದು ಜನರ ಬಗ್ಗೆ: ಯಾರನ್ನು ಹೇಗೆ ಮಾತಾಡಿಸಬೇಕು, ಊಟ-ಕಾಫಿಯ ರೀತಿ ಏನು, ಮನೆಗೆ ಕರೆದರೆ ಏನು ಒಯ್ಯಬೇಕು? ಸಸ್ಯಾಹಾರಿ ಅನ್ನುವುದನ್ನು ಗಮನದಲ್ಲಿಟ್ಟುಕೊಂಡು ಹೇಳಿ.

ಪೋ_ಕಣಿವೆ:
"ಇಟಲಿಯವರು ಹೀಗೆ" ಅಂತ ಯಾರಾದರೂ ಹೇಳಿದರೆ ಮೊದಲು "ಯಾವ ಊರಿನವರು?" ಅಂತ ಕೇಳಿ. ಇಟಲಿ ಒಂದೇ ರಾಜ್ಯ ಅನಿಸಿಕೊಂಡದ್ದು 1861ರಲ್ಲಿ. ವೆನಿಸ್ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ಅದಕ್ಕೂ ಮುಂಚಿನ ಶತಮಾನಗಳಲ್ಲಿ ವೆನಿಸ್, ಫ್ಲಾರೆನ್ಸ್, ಜೆನೋವಾಗಳಿಗೆ ಅವವೇ ಆಳ್ವಿಕೆ, ನಾಣ್ಯ, ಜಗಳ ಇದ್ದವು. ಆ ಊರಭಿಮಾನ ಇವತ್ತಿಗೂ ಹೋಗಿಲ್ಲ, ಅದಕ್ಕೆ ಕಂಪನಿಲಿಸ್ಮೊ ಅಂತಾರೆ. ಸಿಯೆನಾದಲ್ಲಂತೂ ಅದು ಕೇರಿಯ ಮಟ್ಟಕ್ಕೆ ಇಳಿದಿದೆ: ಊರಲ್ಲಿ 17 ಕೊಂತ್ರಾದಾಗಳು, ಅಂದರೆ ಕೇರಿಗಳು, ಜುಲೈ 2 ಮತ್ತು ಆಗಸ್ಟ್ 16ರ ಪಾಲಿಯೊ ಕುದುರೆ ಓಟಕ್ಕೆ ಸರದಿಯಲ್ಲಿ ಹತ್ತಕ್ಕೆ ಮಾತ್ರ ಅವಕಾಶ. ಪ್ರವಾಸಿಗರಿಗಾಗಿ ಹೂಡಿದ ಆಟ ಅಂದುಕೊಂಡು ಅಲ್ಲಿಯವರ ಎದುರು ನಗಬೇಡಿ.

ದಿನದ ಕೆಲಸದಲ್ಲೂ ಇದು ಅಡ್ಡ ಬರುತ್ತದೆ. ಪ್ರತಿ ಊರಿಗೂ ಅದರದೇ ಸಂತನ ಹಬ್ಬ, ಅವತ್ತು ಆ ಊರಿನ ಕಚೇರಿಗಳಿಗೆ ರಜೆ. ಬೊಲೊನ್ಯಾಕ್ಕೆ ಅಕ್ಟೋಬರ್ 4, ಫ್ಲಾರೆನ್ಸ್‌ಗೆ ಜೂನ್ 24, ಮಿಲಾನ್‌ಗೆ ಡಿಸೆಂಬರ್ 7. ಬೇರೆ ಊರಿನ ಕಚೇರಿಗೆ ಹೊರಡುವ ಮುಂಚೆ ಈ ತಾರೀಖು ನೋಡಿಕೊಳ್ಳಿ. ಆಗಸ್ಟ್ 15ರ ಫೆರಾಗೋಸ್ತೊ ಹಾಗಲ್ಲ, ಅದು ಇಡೀ ದೇಶದ ಹಬ್ಬ. ಅದರ ಆಚೀಚಿನ ವಾರಗಳಲ್ಲಿ ಕಚೇರಿ ಕೆಲಸ ಯಾವುದೂ ಮುಂದೆ ಸಾಗುವುದಿಲ್ಲ.

ಮಾತಿಗೆ ಬಂದರೆ, "ಚಾವ್" ಎಲ್ಲರಿಗೂ ಹೇಳುವ ಮಾತಲ್ಲ. ಅದು ಗೆಳೆಯರಿಗೆ, ಓರಗೆಯ ವಿದ್ಯಾರ್ಥಿಗಳಿಗೆ, ಮಕ್ಕಳಿಗೆ. ಅಂಗಡಿ, ಲಿಫ್ಟ್, ವೈದ್ಯರ ಕಾಯುವ ಕೋಣೆ, ಎಲ್ಲಿಗೆ ಕಾಲಿಟ್ಟರೂ ಮೊದಲು "ಬ್ವೊಂಜೋರ್ನೊ", ಸಂಜೆಯಾದರೆ "ಬ್ವೊನಸೇರಾ". ಯಾವುದು ಅಂತ ಗೊತ್ತಾಗದಿದ್ದರೆ "ಸಾಲ್ವೆ" ನಡೆಯುತ್ತದೆ. ಈ ಮಾತು ಬಿಟ್ಟು ನೇರವಾಗಿ ಬೇಕಾದ ವಸ್ತು ಕೇಳಿದರೆ ಒರಟುತನ. ಅಪರಿಚಿತರಿಗೆ, ಹಿರಿಯರಿಗೆ, ಅಧಿಕಾರಿಗಳಿಗೆ "ಲೇಯಿ", ಅಂದರೆ ನಮ್ಮ "ನೀವು". ಆದರೆ ಕ್ರಿಯಾಪದ "ಅವಳು" ಅನ್ನುವಾಗಿನ ರೂಪದಲ್ಲೇ ಇರುತ್ತದೆ, ಕಲಿಯುವವರು ಎಡವುವುದು ಅಲ್ಲೇ. "ತು"ವಿಗೆ, ಅಂದರೆ "ನೀನು"ವಿಗೆ, ಇಳಿಯೋಣ ಅಂತ ಹಿರಿಯರೇ ಹೇಳಬೇಕು, ನೀವು ಆತುರ ಮಾಡಬೇಡಿ. ದೊತ್ತೊರೆ, ದೊತ್ತೊರೆಸ್ಸಾ ಅಂದರೆ ವೈದ್ಯರು ಮಾತ್ರ ಅಲ್ಲ, ಪದವಿ ಪಡೆದ ಯಾರಾದರೂ ಆಗಬಹುದು. ನಿಮ್ಮ ಅಧ್ಯಾಪಕರಿಗೆ ಪತ್ರ ಬರೆಯುವಾಗ ಪ್ರೊಫೆಸ್ಸೊರೆ ಅಥವಾ ಪ್ರೊಫೆಸ್ಸೊರೆಸ್ಸಾ ಬಿಡಲೇಬೇಡಿ.

ಒಗ್ಗರಣೆಸೌಟು:
ಊಟದ ಭಾಗ ನಾನು ಹೇಳುತ್ತೇನೆ.

"ಸ್ಪಗೆಟ್ಟಿ ಬೊಲೊನೀಸ್" ಅನ್ನುವುದನ್ನು ಬೊಲೊನ್ಯಾದಲ್ಲಿ ಹುಡುಕಬೇಡಿ. ಅಲ್ಲಿ ಮಾಂಸದ ರಾಗೂ ಬೀಳುವುದು ತಾಲ್ಯಾತೆಲ್ಲೆಯ ಮೇಲೆ. ಆ ಪಾಸ್ತಾದ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರಬೇಕು ಅಂತ 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದ್ದಾರೆ, ಅಷ್ಟು ಗಂಭೀರ ವಿಷಯ. ಸಸ್ಯಾಹಾರಿಗೆ ಈ ಊರು ಸುಲಭದ್ದಲ್ಲ. ಪುಟ್ಟ ತೊರ್ತೆಲ್ಲೀನಿ ಒಳಗೆ ಹಂದಿಮಾಂಸ, ಬೇಯುವುದು ಮಾಂಸದ ಸಾರಿನಲ್ಲಿ. ದೊಡ್ಡ ತೊರ್ತೆಲ್ಲೋನಿ ಒಳಗೆ ಸಾಮಾನ್ಯವಾಗಿ ರಿಕೋತ್ತಾ, ಬೆಣ್ಣೆ-ಸೇಜ್ ಎಲೆಯ ಜೊತೆ ಕೊಡುತ್ತಾರೆ, ಅದು ನಿಮಗೆ. ಹೆಸರು ಒಂದಕ್ಕೊಂದು ಹತ್ತಿರ ಇರುವುದರಿಂದ ಆರ್ಡರ್ ಕೊಡುವಾಗ ಹುಷಾರು. ಪಕ್ಕದ ಫೆರಾರಾದ ಕುಂಬಳಕಾಯಿಯ ಕಪ್ಪೆಲ್ಲಾಚಿಯೂ ಸಿಕ್ಕೀತು, ರಾಗೂ ಬೇಡ, ಬೆಣ್ಣೆ ಸಾಕು ಅನ್ನಿ. ಈ ಹಸಿ ಪಾಸ್ತಾಗಳಿಗೆಲ್ಲ ಮೊಟ್ಟೆ ಹಾಕಿರುತ್ತಾರೆ, ಅದೂ ಬೇಡ ಅಂದರೆ ಒಣ ಪಾಸ್ತಾ ಕೇಳಿ.

ಬರೀ "ವೆಜೆಟೇರಿಯನ್" ಅಂದರೆ ಕಣ್ಣಿಗೆ ಕಾಣದ್ದು ತಪ್ಪಿಸಿಕೊಳ್ಳುತ್ತದೆ. ರಿಸೊಟ್ಟೊ ಮಾಂಸದ ಸಾರಿನಲ್ಲಿ ಬೆಂದಿರಬಹುದು, ಬೀನ್ಸ್ ಸೂಪಿನಲ್ಲಿ ಹಂದಿಮಾಂಸದ ಪಂಚೆತ್ತಾ ಚೂರು ಇರಬಹುದು, ಪಿಯದೀನಾ ರೊಟ್ಟಿಯ ಹಿಟ್ಟಿಗೆ ಹಂದಿಕೊಬ್ಬು ಹಾಕುವುದು ಹಳೆಯ ವಾಡಿಕೆ. ಪಾರ್ಮಿಜಾನೊ ರೆಜ್ಜಾನೊ ಚೀಸ್ ಹೆಪ್ಪುಗಟ್ಟುವುದೇ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅದಕ್ಕೆ ಬೇರೆ ದಾರಿ ಇಲ್ಲ. "ನೇ ಕಾರ್ನೆ, ನೇ ಪೆಷೆ, ನೇ ಬ್ರೋದೊ ದಿ ಕಾರ್ನೆ" ಅನ್ನಿ: ಮಾಂಸ, ಮೀನು, ಮಾಂಸದ ಸಾರು ಮೂರೂ ಬೇಡ ಅಂತ.

ಊಟದ ಹೊತ್ತು ಬಿಗಿ. ಮಧ್ಯಾಹ್ನ ಸುಮಾರು 12:30ರಿಂದ 2:30, ರಾತ್ರಿ 7:30ರ ಮೇಲೆ, ದಕ್ಷಿಣಕ್ಕೆ ಹೋದಷ್ಟೂ ತಡ. ನಡುವೆ 4 ಗಂಟೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಮೊದಲು ಪಾಸ್ತಾ ಅಥವಾ ಅನ್ನದ ಪ್ರೀಮೊ, ಆಮೇಲೆ ಮಾಂಸ, ಮೀನಿನಂಥ ಮುಖ್ಯ ತಿನಿಸಿನ ಸೆಕೊಂದೊ, ಅದರ ಪಕ್ಕದ ತರಕಾರಿ ಕೊಂತೊರ್ನೊ ಬೇರೆಯಾಗಿ ಹೇಳಬೇಕು. ಹೋಟೆಲಿನಲ್ಲಿ ಎಲ್ಲವನ್ನೂ ತೆಗೆದುಕೊಳ್ಳಬೇಕೆಂದಿಲ್ಲ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೊ ಇದ್ದರೆ ಮೋಸ ಅಲ್ಲ, ಅದು ಮೇಜಿನ ಶುಲ್ಕ. ಟಿಪ್ಸ್ ಕಡ್ಡಾಯ ಇಲ್ಲ.

ಕಾಫಿ ಕುಡಿಯುವ ಜಾಗಕ್ಕೆ ಹೆಸರು ಬಾರ್. ಹಲವು ಕಡೆ ಮೊದಲು ಕ್ಯಾಶಿನಲ್ಲಿ ದುಡ್ಡು ಕೊಟ್ಟು, ಚೀಟಿ ತಂದು ಕೌಂಟರಿನ ಮೇಲೆ ಇಡಬೇಕು. ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು. ಊಟವಾದ ಮೇಲೆ ಕ್ಯಾಪುಚಿನೊ ಕುಡಿಯಬಾರದು, ಅದು ಬೆಳಗಿನದು.

ಸೊಲ್ಲು_ಸುಮ್ಮನೆ:
ಕೊನೆಯ ಸಾಲಿಗೆ ಸಣ್ಣ ತಕರಾರು. "ಕುಡಿಯಬಾರದು" ಅಂತ ನಿಯಮ ಏನಿಲ್ಲ. ಹೊಟ್ಟೆ ತುಂಬಿದ ಮೇಲೆ ಹಾಲು ಜೀರ್ಣವಾಗದು ಅನ್ನುವ ನಂಬಿಕೆ, ಅಷ್ಟೆ. ಕೇಳಿದರೆ ಕೊಡುತ್ತಾರೆ, ಹೆಚ್ಚೆಂದರೆ ಹುಬ್ಬು ಏರಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಇದನ್ನು ವಿನಾಕಾರಣ ದೊಡ್ಡದು ಮಾಡಿದ್ದಾರೆ.

ಮನೆಗೆ ಕರೆದಾಗ: ಪೇಸ್ಟ್ರಿ ಅಂಗಡಿಯಲ್ಲಿ ಪುಟ್ಟ ಸಿಹಿಗಳ ಟ್ರೇ ಕಟ್ಟಿಸಿಕೊಂಡು ಹೋಗಿ, ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಹೂವಾದರೆ ಸೇವಂತಿಗೆ ಖಂಡಿತ ಬೇಡ, ಅದು ನವೆಂಬರ್ 2ರಂದು ಸಮಾಧಿಗಳ ಮೇಲೆ ಇಡುವ ಹೂವು. ಅವರೇ ಬಾಗಿಲು ತೆಗೆದು ಕರೆದರೂ ಹೊಸ್ತಿಲು ದಾಟುವಾಗ "ಪೆರ್ಮೆಸ್ಸೊ", ಅಂದರೆ "ಒಳಗೆ ಬರಲೇ", ಅನ್ನಬೇಕು. ಪಾಸ್ತಾ ಬಂದಾಗಲೇ ಎರಡು ಸಲ ಹಾಕಿಸಿಕೊಂಡರೆ ಆಮೇಲೆ ಬರುವ ಸೆಕೊಂದೊಗೆ ಜಾಗ ಇರುವುದಿಲ್ಲ, ಬೇಡ ಅಂದರೆ ಅಡುಗೆ ಮಾಡಿದವರು ಬೇಜಾರಾಗುತ್ತಾರೆ.

ಹೊಸಹಾದಿ:
ಎಲ್ಲರಿಗೂ ಧನ್ಯವಾದ. ಪಾಠ ಇಂಗ್ಲಿಷಿನಲ್ಲೇ ಇದೆ. ಇಟಾಲಿಯನ್ ಎಷ್ಟು ಬೇಕಾಗುತ್ತದೆ? ಊರೂರಿಗೆ ಭಾಷೆ ಬದಲಾಗುತ್ತದೆ ಅಂತಾರಲ್ಲ, ಹಾಗಾದರೆ ಕಲಿತದ್ದು ಉಪಯೋಗಕ್ಕೆ ಬರುತ್ತದಾ?

ಪೋ_ಕಣಿವೆ:
ಬರುತ್ತದೆ. ಶಾಲೆ, ಕಚೇರಿ, ಟಿವಿಯ ಭಾಷೆ ಒಂದೇ, ಅದರ ಬೇರು ದಾಂತೆ ಬರೆದ ಫ್ಲಾರೆನ್ಸಿನ ನುಡಿ. ಆದರೆ ಅದು ಸಾಮಾನ್ಯರ ಮನೆಮಾತಾದದ್ದು ಬಹಳ ಈಚೆಗೆ, 1954ರಲ್ಲಿ ಶುರುವಾದ ಸರ್ಕಾರಿ ರಾಯಿ ಟಿವಿಗೆ ಅದರಲ್ಲಿ ದೊಡ್ಡ ಪಾಲಿದೆ. ನೇಪಲ್ಸ್, ವೆನಿಸ್, ಸಿಸಿಲಿಯ ಮಾತುಗಳು ಉಚ್ಚಾರಣೆಯ ವ್ಯತ್ಯಾಸ ಅಷ್ಟೇ ಅಲ್ಲ, ವ್ಯಾಕರಣವೇ ಬೇರೆ. ಮನೆಯವರು ತಮ್ಮತಮ್ಮಲ್ಲಿ ಆಡುವಾಗ ಅರ್ಥವಾಗದಿದ್ದರೆ ನಿಮ್ಮ ಇಟಾಲಿಯನ್ ಕೆಟ್ಟದು ಅಂದುಕೊಳ್ಳಬೇಡಿ. 1999ರ 482ನೇ ಕಾನೂನು 12 ಅಲ್ಪಸಂಖ್ಯಾತ ಭಾಷೆಗಳನ್ನು ಗುರುತಿಸಿದೆ, ಸಾರ್ಡೀನಿಯನ್, ಫ್ರಿಯುಲಿಯನ್, ಜರ್ಮನ್ ಎಲ್ಲ ಅದರಲ್ಲಿವೆ. ನೇಪಲ್ಸ್‌ನದು, ಸಿಸಿಲಿಯದು ಇಲ್ಲ, ವಿಚಿತ್ರ ಅಂದರೆ ಇದೇ.

ತರಗತಿಗೆ ಇಂಗ್ಲಿಷ್ ಸಾಕು, ಕಚೇರಿಗೆ ಸಾಲದು. ಇಳಿದ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ, ಅಂದರೆ ಪೆರ್ಮೆಸ್ಸೊ ದಿ ಸೊಜ್ಜೋರ್ನೊಗೆ, ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಕಿಟ್ ಉಚಿತ, 16 ಯೂರೊದ ಮಾರ್ಕಾ ದಾ ಬೊಲ್ಲೊ ಸ್ಟಾಂಪನ್ನು ತಬಾಕ್ಕಿಯಲ್ಲಿ, ಅಂದರೆ ತಂಬಾಕಿನ ಅಂಗಡಿಯಲ್ಲಿ, ಕೊಳ್ಳಬೇಕು. ಫಾರಂ ಎಲ್ಲ ಇಟಾಲಿಯನ್‌ನಲ್ಲಿ. ಅಂಚೆಯವರು ಕೊಡುವ ರಸೀದಿಯೇ ಕಾರ್ಡು ಬರುವ ತನಕ ನಿಮ್ಮ ದಾಖಲೆ, ಕಳೆದುಕೊಳ್ಳಬೇಡಿ.

16 ಅಕ್ಷರ-ಅಂಕಿಗಳ ಕೋದಿಚೆ ಫಿಸ್ಕಾಲೆ, ಅಂದರೆ ತೆರಿಗೆ ಗುರುತಿನ ಕೋಡ್, ಇಲ್ಲದೆ ಬಾಡಿಗೆ ಕರಾರು ನೋಂದಣಿಯಾಗದು. ಅದನ್ನು ನಿಮ್ಮ ಕುಲನಾಮ, ಹೆಸರು, ಹುಟ್ಟಿದ ದಿನ, ಹುಟ್ಟಿದ ದೇಶದಿಂದ ಲೆಕ್ಕಹಾಕುತ್ತಾರೆ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇದ್ದರೆ ಅಥವಾ ಇನಿಷಿಯಲ್ ಮಾತ್ರ ಇದ್ದರೆ, ಒಂದೊಂದು ಕಚೇರಿ ಒಂದೊಂದು ಥರ ಬರೆದುಕೊಂಡು ಕೋಡ್ ಹೊಂದಾಣಿಕೆಯಾಗದೆ ಒದ್ದಾಡಬೇಕಾಗುತ್ತದೆ. ವೀಸಾದಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಸಿ, ಕಾಗದ ಕೈಗೆ ಬಂದ ತಕ್ಷಣ ಕೌಂಟರ್ ಬಿಡುವ ಮುಂಚೆಯೇ ಓದಿ ನೋಡಿ.