ಎಂಟು ವರ್ಷದ ಲ್ಯಾಪ್‌ಟಾಪ್: ಎಸ್‌ಎಸ್‌ಡಿ ಹಾಕಿಸಲೋ, ಹೊಸದೇ ಕೊಳ್ಳಲೋ?

ಶಿರಸಿ ಕ್ಲಿಕ್: ಎಲ್ಲರಿಗೂ ನಮಸ್ಕಾರ. ನಿಮ್ಮ ಅಭಿಪ್ರಾಯ ಬೇಕಿತ್ತು. ನನ್ನ ಲ್ಯಾಪ್‌ಟಾಪ್ 2018ರಲ್ಲಿ ಕೊಂಡದ್ದು. ಇಂಟೆಲ್ ಐ5-8250ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕ್ಯಾಮೆರಾ 24 ಮೆಗಾಪಿಕ್ಸೆಲ್. ಉಪನಯನ, ಮದುವೆ ತೆಗೆಯುತ್ತೇನೆ. ಯಕ್ಷಗಾನ ಮಾತ್ರ ನನ್ನ ಖುಷಿಗೆ. ಮಾರಿಕಾಂಬಾ ಜಾತ್ರೆಯಲ್ಲಿ ತೆಗೆದ 1,800 ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಇನ್ನೂ ಹಾಗೇ ಬಿದ್ದಿವೆ. ಫೋಟೊ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗಲು ಐದಾರು ಸೆಕೆಂಡ್ ಬೇಕು. ಅಡಿಕೆ ಕೊಟ್ಟ ದುಡ್ಡಲ್ಲಿ 80 ಸಾವಿರ ತೆಗೆದಿಟ್ಟಿದ್ದೇನೆ. ಒಂದು ಒಳ್ಳೆಯ ಲೆನ್ಸ್ ಕೊಳ್ಳುವ ಆಸೆಯೂ ಅದೇ ದುಡ್ಡಲ್ಲಿ ಇದೆ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ (ವೇಗದ ಚಿಪ್ ಡಿಸ್ಕ್) ಹಾಕಿಸಲೋ, ಹೊಸ ಲ್ಯಾಪ್‌ಟಾಪೇ ಕೊಳ್ಳಲೋ, ಏನು ಮಾಡಲಿ?

ಹೊನ್ನಾವರ ಸ್ಟುಡಿಯೊ: ಹೊಸದು ತಗೊಳ್ಳಿ. ಎಂಟು ವರ್ಷದ ಯಂತ್ರಕ್ಕೆ ದುಡ್ಡು ಹಾಕಬೇಡಿ. ನಾನೂ ಹಳೆಯದನ್ನೇ ಎಳೆದುಕೊಂಡು ಹೋಗಿ ಒಂದು ಮದುವೆ ಸೀಸನ್ ಪೂರ್ತಿ ರಾತ್ರಿ ಎರಡು ಗಂಟೆವರೆಗೆ ಕೂತಿದ್ದೇನೆ. ಆಲ್ಬಮ್ ತಡವಾದರೆ ಗಿರಾಕಿ ಮುಂದಿನ ಸಲ ಬರುವುದಿಲ್ಲ. ಮತ್ತೆ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ನಿಮ್ಮದರಲ್ಲಿ ವಿಂಡೋಸ್ 11 ಓಡುವುದಿಲ್ಲ.

ಕಾರವಾರ ರಿಪೇರಿ: ಸರ್, ಕೊನೆಯ ಮಾತು ಸರಿಯಲ್ಲ. ಇಂಟೆಲ್‌ನ 8ನೇ ತಲೆಮಾರಿನಿಂದ ವಿಂಡೋಸ್ 11ಕ್ಕೆ ಅಧಿಕೃತ ಅನುಮತಿ ಇದೆ. 8250ಯು ಆ ಪಟ್ಟಿಯಲ್ಲಿದೆ. ಬಯಾಸ್‌ಗೆ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್) ಹೋಗಿ ಟಿಪಿಎಂ ಎಂಬ ಭದ್ರತಾ ಚಿಪ್ ಆನ್ ಆಗಿದೆಯಾ ನೋಡಿದರೆ ಸಾಕು. ಒಂದು ವರ್ಷ ಮೊದಲಿನ 7200ಯು ಆಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಅದರಲ್ಲಿ ಎರಡೇ ಕೋರ್. ಇದರಲ್ಲಿ ನಾಲ್ಕು.

ಶಿರಸಿಯ ತಮ್ಮಾ, ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡು. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಅರ್ಧ ಗಂಟೆ ಎಡಿಟ್ ಮಾಡು. ಡಿಸ್ಕ್, ಮೆಮೊರಿ, ಪ್ರೊಸೆಸರ್, ಮೂರರಲ್ಲಿ ಯಾವುದು ತುಂಬಿ ನಿಲ್ಲುತ್ತದೆ ಬರೆದುಕೋ. ಎಕ್ಸ್‌ಪೋರ್ಟ್ ಮಾಡುವಾಗ (ಎಡಿಟ್ ಆದ ಚಿತ್ರಗಳನ್ನು ಹೊರಗೆ ತೆಗೆಯುವಾಗ) ಬಿಸಿ ಎಷ್ಟಾಗುತ್ತದೆ, ವೇಗ ಎಷ್ಟಕ್ಕೆ ಇಳಿಯುತ್ತದೆ, ಅದನ್ನೂ ನೋಡು.

ಕುಮಟಾ ಕಡಲು: ನಾನು ಲೈಟ್‌ರೂಮ್ ಬದಲು ಲಿನಕ್ಸ್‌ನಲ್ಲಿ ಡಾರ್ಕ್‌ಟೇಬಲ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುತ್ತೇನೆ. ಪುಕ್ಕಟೆ, ತಿಂಗಳ ಬಾಡಿಗೆ ಇಲ್ಲ. ಆದರೆ ಹಳೆಯ ಯಂತ್ರದಲ್ಲಿ ಅದೂ ಹಗುರ ಅಲ್ಲ. ಅದಕ್ಕೇ ಅದೊಂದೇ ಪರಿಹಾರ ಎಂದು ಹೇಳುವುದಿಲ್ಲ.

ಶಿರಸಿ ಕ್ಲಿಕ್: ನೋಡಿದೆ ಅಣ್ಣ. ಚಿತ್ರ ಬದಲಿಸುವಾಗ ಡಿಸ್ಕ್ 100%, ಮೆಮೊರಿ 7.5 ಜಿಬಿ. ಪ್ರೊಸೆಸರ್ ಮಾತ್ರ 30% ದಾಟುವುದಿಲ್ಲ. ಎಕ್ಸ್‌ಪೋರ್ಟ್‌ನಲ್ಲಿ ಪ್ರೊಸೆಸರ್ 100%, ಬಿಸಿ 95 ಡಿಗ್ರಿ. ಶುರುವಿಗೆ 3 ಗಿಗಾಹರ್ಟ್ಸ್ ಇದ್ದ ವೇಗ ಎರಡೇ ನಿಮಿಷದಲ್ಲಿ 1.2ಕ್ಕೆ ಇಳಿಯಿತು.

ಕಾರವಾರ ರಿಪೇರಿ: ಅಲ್ಲೇ ಇದೆ ನೋಡು. ಆ ಪ್ರೊಸೆಸರ್‌ನ ಮೂಲ ವೇಗವೇ 1.6. ಅದಕ್ಕಿಂತ ಕೆಳಗೆ ಇಳಿದಿದೆ ಅಂದರೆ ಬಿಸಿ ಹೊರಗೆ ಹೋಗುತ್ತಿಲ್ಲ. ಫ್ಯಾನ್ ಪಕ್ಕದ ಜಾಲರಿಯಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ, ಪ್ರೊಸೆಸರ್‌ನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೂ ಕಷ್ಟ. ಉಪ್ಪುಗಾಳಿಗೆ ಧೂಳು ಅಂಟಿಕೊಳ್ಳುತ್ತದೆ, ತಾಮ್ರ ಹಸಿರಾಗುತ್ತದೆ. ಕಡಲ ದಂಡೆಯ ದೇವಬಾಗದ ಕಡೆಯಿಂದ ಬರುವ ಲ್ಯಾಪ್‌ಟಾಪ್‌ಗಳ ಯುಎಸ್‌ಬಿ ಪೋರ್ಟ್‌ಗೂ ತುಕ್ಕು ಹಿಡಿದಿರುತ್ತದೆ. ನಿಮ್ಮಲ್ಲಿ ಮಳೆಗಾಲದ ತೇವ. ಬಿಚ್ಚಿ ಸ್ವಚ್ಛ ಮಾಡಿ ಪೇಸ್ಟ್ ಹಾಕಿಸು, ಸಾವಿರ ರೂಪಾಯಿ ಒಳಗೆ ಮುಗಿಯುತ್ತದೆ.

ಇನ್ನು ಡಿಸ್ಕ್. ಒಂದು ರಾ ಫೈಲ್ 25 ಎಂಬಿ ಅಂದುಕೋ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದುತ್ತದೆ, ಹಾಗಾದರೆ ಸಾಕಲ್ವಾ ಅನಿಸುತ್ತದೆ. ತೊಂದರೆ ಅಲ್ಲಿ ಅಲ್ಲ. ಲೈಟ್‌ರೂಮ್ ಪ್ರತಿ ಹೆಜ್ಜೆಗೂ ಕ್ಯಾಟಲಾಗ್, ಪ್ರಿವ್ಯೂ ಎಂದು ಸಾವಿರಾರು ಸಣ್ಣ ಸಣ್ಣ ತುಣುಕು ಹುಡುಕುತ್ತದೆ. ಹಾರ್ಡ್‌ಡಿಸ್ಕ್‌ನ ಮುಳ್ಳು ಪ್ರತಿ ಸಲ ಅತ್ತಿತ್ತ ಓಡಬೇಕು. ಮೆಮೊರಿ ಸಾಲದೆ ವಿಂಡೋಸ್ ಕೂಡ ಅದೇ ಡಿಸ್ಕ್‌ಗೆ ಬರೆಯುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ ಓಡುವ ಮುಳ್ಳೇ ಇಲ್ಲ. ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗ ಇದೆಯಾ, ಅದು ಎನ್‌ವಿಎಂಇ (ಹೆಚ್ಚು ವೇಗದ ಬಗೆ) ಹಿಡಿಯುತ್ತದಾ, ಸಾಟಾ (ಹಳೆಯ ಬಗೆ) ಮಾತ್ರವಾ, ಮೊದಲು ನೋಡಿಕೊಂಡು ಕೊಳ್ಳು. ಸಾಟಾ ಆದರೂ ಚಿಂತೆ ಇಲ್ಲ. ನಿನ್ನ ಕೆಲಸಕ್ಕೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಹೊನ್ನಾವರ ಸ್ಟುಡಿಯೊ: ಇಷ್ಟೆಲ್ಲ ಮಾಡಿದ ಮೇಲೆ ಮದರ್‌ಬೋರ್ಡ್ ಹೋದರೆ? ರ‍್ಯಾಮ್ ಬೆಲೆಯೂ 2025ರ ಕೊನೆಯಿಂದ ಜೋರಾಗಿ ಏರಿದೆ. ಎಐ ಸರ್ವರ್‌ಗಳಿಗೇ ಮೆಮೊರಿ ಜಾಸ್ತಿ ಹೋಗುತ್ತಿದೆ, ಹಳೆಯ ಬಗೆಯ ಮೆಮೊರಿ ಡಿಡಿಆರ್4 ಕೂಡ ದುಬಾರಿ.

ಕಾರವಾರ ರಿಪೇರಿ: ಅದು ನಿಜ. ಅದೇ ಏರಿಕೆ ಹೊಸ ಲ್ಯಾಪ್‌ಟಾಪ್ ಬೆಲೆಗೂ ಸೇರಿದೆ ಸರ್. ಮೊದಲು ಎಸ್‌ಎಸ್‌ಡಿ ಹಾಕಲಿ. ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಇದ್ದರೆ ಬಳಸಿದ 8 ಜಿಬಿ ಕಡ್ಡಿ ಹುಡುಕಲಿ. ಮದರ್‌ಬೋರ್ಡ್ ಹೋದರೂ ಎಸ್‌ಎಸ್‌ಡಿ ಬೇರೆ ಕಡೆ ಬಳಕೆಗೆ ಬರುತ್ತದೆ.

ದಾಂಡೇಲಿ ಮಂಗಟ್ಟೆ: ನಾನು ಹಕ್ಕಿ ಫೋಟೊ ತೆಗೆಯುವವಳು. ಬೆಳಗಿನ ಮಂದ ಬೆಳಕಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಇಲ್ಲದೆ ಮಂಗಟ್ಟೆ ಸಿಗುವುದಿಲ್ಲ. ಹಾಗಾಗಿ ಲೈಟ್‌ರೂಮ್‌ಗೆ 2023ರಲ್ಲಿ ಬಂದ, ಚಿತ್ರದ ಕಾಳುಕಾಳು ತೆಗೆಯುವ ಎಐ ಡಿನಾಯ್ಸ್ ನನಗೆ ದಿನಾ ಬೇಕು. ಅದು ನಡೆಯುವುದು ಗ್ರಾಫಿಕ್ಸ್ ಚಿಪ್ ಮೇಲೆ. ನನ್ನ ಹಳೆಯ ಯಂತ್ರದಲ್ಲೂ ಇವರದರಂತೆ ಪ್ರೊಸೆಸರ್ ಒಳಗಿನ ಯುಎಚ್‌ಡಿ 620 ಗ್ರಾಫಿಕ್ಸೇ ಇತ್ತು. ಒಂದೊಂದು ಚಿತ್ರಕ್ಕೆ ಹಲವು ನಿಮಿಷ ಕಾಯುತ್ತಿದ್ದೆ. ಎಸ್‌ಎಸ್‌ಡಿ ಹಾಕಿದೆ, 16 ಜಿಬಿ ಮಾಡಿದೆ, ಅದರಲ್ಲಿ ಏನೂ ಬದಲಾಗಲಿಲ್ಲ. ಹೊಸದು ಕೊಂಡ ಮೇಲೇ ಬಗೆಹರಿಯಿತು. ಶಿರಸಿಯವರೇ, ರಾತ್ರಿ ಯಕ್ಷಗಾನ ಆಟದ ಚಿತ್ರಗಳಿಗೆ ಡಿನಾಯ್ಸ್ ಎಷ್ಟು ಬಳಸುತ್ತೀರಿ? ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ಶಿರಸಿ ಕ್ಲಿಕ್: ಅಕ್ಕ, ಒಂದು ಆಟಕ್ಕೆ ಹತ್ತೋ ಹನ್ನೆರಡೋ ಚಿತ್ರಕ್ಕೆ ಮಾತ್ರ. ಮದುವೆಗೆ ಲೈಟ್ ಹಾಕಿಕೊಂಡೇ ತೆಗೆಯುತ್ತೇನೆ, ಬೇಕಾಗುವುದಿಲ್ಲ. ಇನ್ನೊಂದು ನೋವು ಹೇಳಿಕೊಳ್ಳಬೇಕು. ಕಳೆದ ವರ್ಷ ಒಬ್ಬ ಹಿರಿಯ ವೇಷಧಾರಿಗೆ ಅವರದೇ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ನನ್ನ ಪರದೆಯಲ್ಲಿ ಚೆನ್ನಾಗಿ ಕಂಡ ಕೆಂಪು ದಗಲೆ (ವೇಷದ ಅಂಗಿ) ಪ್ರಿಂಟ್‌ನಲ್ಲಿ ರಕ್ತ ಹಚ್ಚಿದಂತೆ ಬಂತು. ಮುಖ ಕಪ್ಪಾಗಿತ್ತು. ಅವರು ಪ್ರೀತಿಯಿಂದಲೇ ತೆಗೆದುಕೊಂಡರು. ನನಗೆ ಇವತ್ತಿಗೂ ಬೇಜಾರಿದೆ.

ದಾಂಡೇಲಿ ಮಂಗಟ್ಟೆ: ಇದನ್ನು ಮೊದಲೇ ಹೇಳಬೇಕಿತ್ತು ನೀವು! ವೇಗ ಆಮೇಲೆ. ಪರದೆಯನ್ನು ಹಿಂದೆ ಮುಂದೆ ವಾಲಿಸಿ ನೋಡಿ. ಬಣ್ಣ ಬದಲಾಗುತ್ತದಾ?

ಶಿರಸಿ ಕ್ಲಿಕ್: ತುಂಬಾ. ಸ್ವಲ್ಪ ವಾಲಿಸಿದರೂ ಮುಖದ ಬಣ್ಣವೇ ಬೇರೆ.

ದಾಂಡೇಲಿ ಮಂಗಟ್ಟೆ: ಅದು ಟಿಎನ್ ಪ್ಯಾನೆಲ್, ಅಗ್ಗದ ಬಗೆಯ ಪರದೆ. ಆಗಿನ ಅಗ್ಗದ ಲ್ಯಾಪ್‌ಟಾಪ್‌ಗಳ ಪರದೆ ಎಸ್‌ಆರ್‌ಜಿಬಿ (ಪರದೆಗಳಿಗಿರುವ ಸಾಮಾನ್ಯ ಬಣ್ಣದ ಅಳತೆ) ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟೇ ತೋರಿಸುತ್ತದೆ. ಮೊದಲು ಹೋಗುವುದೇ ಗಾಢ ಕೆಂಪು, ಹಸಿರು. ಪರದೆಯಲ್ಲಿ ಕೆಂಪು ಸಪ್ಪೆ ಕಂಡಿತು, ನೀವು ಏರಿಸಿದಿರಿ. ಪ್ರಿಂಟ್‌ನಲ್ಲಿ ಅದು ಉಕ್ಕಿತು. ಬ್ರೈಟ್‌ನೆಸ್ ಪೂರ್ತಿ ಇಟ್ಟು ಎಡಿಟ್ ಮಾಡಿರುತ್ತೀರಿ, ಅದಕ್ಕೇ ಮುಖ ಕಪ್ಪು. ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ 24 ಇಂಚಿನ ಐಪಿಎಸ್ (ವಾಲಿಸಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆ) ಮಾನಿಟರ್ ತನ್ನಿ, ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಬೆಳಕು ತಗ್ಗಿಸಿ ಇಡಿ. ಬಣ್ಣ ಸರಿಹೊಂದಿಸುವ ಕ್ಯಾಲಿಬ್ರೇಟರ್ ನಾವು ನಾಲ್ಕು ಜನ ಸೇರಿ ಕೊಂಡದ್ದು ಇದೆ, ಕೊಡುತ್ತೇನೆ.

ಹೊನ್ನಾವರ ಸ್ಟುಡಿಯೊ: ಮಾನಿಟರ್ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ಮಳೆಗಾಲದಲ್ಲಿ ಶಿರಸಿಯ ಕರೆಂಟ್ ಗೊತ್ತಲ್ವಾ? ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಮಾನಿಟರ್ ನಡೆಯುವುದಿಲ್ಲ. ಇನ್ವರ್ಟರ್ ಸಾಲಿಗೆ ಸೇರಿಸಿಕೊಳ್ಳಿ. ಗುಡುಗಿದರೆ ಪ್ಲಗ್ ಕಿತ್ತಿಡಿ.

ಕುಮಟಾ ಕಡಲು: ಎಸ್‌ಎಸ್‌ಡಿ ಬರುವವರೆಗೆ ಒಂದು ಉಪಾಯ. ಲೈಟ್‌ರೂಮ್‌ನಲ್ಲಿ ಸ್ಮಾರ್ಟ್ ಪ್ರಿವ್ಯೂ (ಚಿತ್ರದ ಸಣ್ಣ ನಕಲು) ಮಾಡಿಕೊಂಡು ಅದರ ಮೇಲೇ ಎಡಿಟ್ ಮಾಡಲು ಸೆಟ್ಟಿಂಗ್ ಇದೆ. ಉದ್ದದ ಬದಿ 2560 ಪಿಕ್ಸೆಲ್ ಮಾತ್ರ, ಹಾಗಾಗಿ ಹಗುರ. ಎಕ್ಸ್‌ಪೋರ್ಟ್‌ಗೆ ಮೂಲ ಫೈಲನ್ನೇ ತೆಗೆದುಕೊಳ್ಳುತ್ತದೆ.

ಶಿರಸಿ ಕ್ಲಿಕ್: ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸ್ವಚ್ಛ ಮಾಡಿಸಿದೆ, 1 ಟಿಬಿ ಎಸ್‌ಎಸ್‌ಡಿ ಹಾಕಿಸಿದೆ, ಬಳಸಿದ 8 ಜಿಬಿ ಕಡ್ಡಿ ಸಿಕ್ಕಿತು. ಮಾನಿಟರ್ ಬಂತು. ಹಳೆಯ ಹಾರ್ಡ್‌ಡಿಸ್ಕ್ ಡಬ್ಬಿಯಲ್ಲಿ ಹಾಕಿ ಬ್ಯಾಕಪ್‌ಗೆ ಇಟ್ಟಿದ್ದೇನೆ. ಚಿತ್ರದಿಂದ ಚಿತ್ರಕ್ಕೆ ಈಗ ಒಂದು ಸೆಕೆಂಡ್ ಕೂಡ ಬೇಡ. 400 ಚಿತ್ರದ ಎಕ್ಸ್‌ಪೋರ್ಟ್ ಒಂದು ಗಂಟೆಯಿಂದ 35 ನಿಮಿಷಕ್ಕೆ ಬಂತು. ಜಾತ್ರೆಯ ಚಿತ್ರಗಳನ್ನು ನಾಲ್ಕು ಸಂಜೆಯಲ್ಲಿ ಆರಿಸಿ ಮುಗಿಸಿದೆ. ಉಳಿದ ದುಡ್ಡು ಲೆನ್ಸ್‌ಗೆ.

ಹೊನ್ನಾವರ ಸ್ಟುಡಿಯೊ: ಸಂತೋಷ. ಆದರೂ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ 25 ಮದುವೆ ಹಿಡಿಯುವ ನನ್ನಂಥವನಿಗೆ ಆ 35 ನಿಮಿಷವೂ ಜಾಸ್ತಿ. ನಿಮ್ಮ ಕೆಲಸ ಬೆಳೆದ ದಿನ ಹೊಸದು ಕೊಳ್ಳಲು ಹಿಂಜರಿಯಬೇಡಿ.

ಶಿರಸಿ ಕ್ಲಿಕ್: ಖಂಡಿತ ಸರ್. ದಗಲೆಯ ಆ ಚಿತ್ರವನ್ನು ಹೊಸ ಮಾನಿಟರ್‌ನಲ್ಲಿ ಮೊದಲಿನಿಂದ ಎಡಿಟ್ ಮಾಡಿದೆ. ಸಣ್ಣ ಪ್ರಿಂಟ್ ಹಾಕಿಸಿ ನೋಡಿದೆ, ಬಣ್ಣ ಸರಿ ಬಂದಿದೆ. ದೊಡ್ಡದು ಹಾಕಿಸುವ ಮೊದಲು ಡಿನಾಯ್ಸ್ ಆಗಬೇಕು. ಅಕ್ಕ, ನಿಮ್ಮ ಯಂತ್ರದಲ್ಲಿ ಮಾಡಿಕೊಡಬಹುದಾ?

ದಾಂಡೇಲಿ ಮಂಗಟ್ಟೆ: ರಾ ಫೈಲನ್ನೇ ಕಳಿಸಿ, ಜೆಪೆಗ್ ಬೇಡ. ಆ ಆಟದ ಹನ್ನೆರಡೂ ಕಳಿಸಿ. ರಾತ್ರಿ ಹಾಕಿಟ್ಟು ಬೆಳಿಗ್ಗೆ ವಾಪಸ್ ಕೊಡುತ್ತೇನೆ.